ಬಿರಡೆಯ ಮೇಲಿನ ಗೆರೆ

ನವೆಂಬರ್ 3, ಭಾನುವಾರ

ಈ ಡೈರಿ ಕಂಪೆನಿಯವರು ಜನವರಿಯಲ್ಲಿ ಕೊಟ್ಟದ್ದು. ಹತ್ತು ತಿಂಗಳು ಖಾಲಿ ಬಿದ್ದಿತ್ತು. ಇವತ್ತಿನಿಂದ ಬರೆಯುತ್ತೇನೆ. ಕಾರಣ ಇಷ್ಟೇ, ನಮ್ಮ ಮನೆಯಲ್ಲಿ ಏನೋ ನಡೆಯುತ್ತಿದೆ. ನಾನು ಹಾಲಿಗೆ ಬಂದರೆ ಸಾಕು, ನನ್ನ ಹೆಂಡತಿ ಕುಸುಮ ಮತ್ತು ಮಗಳು ಭವ್ಯಶ್ರೀ ದನಿ ತಗ್ಗಿಸುತ್ತಾರೆ. ತುಟಿ ಅಲ್ಲಾಡುತ್ತದೆ, ಮಾತು ಹೊರಗೆ ಬರುವುದಿಲ್ಲ. "ಎಂತ ಗುಸುಗುಸು?" ಎಂದು ಕೇಳಿದರೆ "ಎಂತದೂ ಇಲ್ಲ" ಎನ್ನುತ್ತಾರೆ. ಮಸ್ಕತ್ತಿನಲ್ಲಿ ಇಪ್ಪತ್ತೇಳು ವರ್ಷದಿಂದ ಸ್ಟೋರ್ ಕೀಪರ್ ಆಗಿರುವವನು ನಾನು. ರ‍್ಯಾಕಿನಲ್ಲಿ ಒಂದು ಬೋಲ್ಟು ಜಾಗ ಬದಲಿಸಿದರೂ ನನಗೆ ಗೊತ್ತಾಗುತ್ತದೆ. ಬರೆದಿಟ್ಟರೆ ನಾಳೆ ಯಾರೂ ಇಲ್ಲವೆನ್ನುವ ಹಾಗಿಲ್ಲ.

ಇವತ್ತು ಸಂಜೆ ಏಂಜೆಲಾ ಬಂದಿದ್ದಳು. ಬಜಪೆ ಕಡೆಯ ಹುಡುಗಿ, ಅಲ್ ಹೈಲ್‌ನ ಒಂದು ಶಾಲೆಯಲ್ಲಿ ಸಂಗೀತದ ಟೀಚರ್. ಕೈಯಲ್ಲಿ ಒಂದು ಮರದ ಪೆಟ್ಟಿಗೆ. ಊರಿಗೆ ಹಿಂದಿರುಗುತ್ತಿದ್ದ ಯಾರೋ ಹಂಗೇರಿಯವರು ಮನೆ ಸಾಮಾನು ಮಾರುವಾಗ ಸಿಕ್ಕಿತಂತೆ. ಹೆಸರು ಹರ್ಡಿ-ಗರ್ಡಿ. ಮಡಿಲಲ್ಲಿಟ್ಟುಕೊಂಡು ಬಲಗೈಯಿಂದ ಹಿಡಿ ತಿರುಗಿಸಬೇಕು. ಒಳಗಿನ ಚಕ್ರ ತಂತಿಗಳನ್ನು ಉಜ್ಜುತ್ತದೆ, ಪಿಟೀಲಿಗೆ ಕಮಾನು ಉಜ್ಜಿದ ಹಾಗೆ. ಎಡಗೈಗೆ ಹಾರ್ಮೋನಿಯಂನಂಥದೇ ಮನೆಗಳು. ನಡುವಿನ ಎರಡು ತಂತಿ ಹಾಡುತ್ತವೆ, ಅಕ್ಕಪಕ್ಕದವು ಸುಮ್ಮನೆ ಶ್ರುತಿ ಹಿಡಿಯುತ್ತವೆ. ತಂತಿಯೆಲ್ಲ ತುಕ್ಕು ಹಿಡಿದು ಹೋಗಿತ್ತು.

"ಅಂಕಲ್, ಹೊಸ ತಂತಿ ಹಾಕಿ ಶ್ರುತಿ ಮಾಡಿಕೊಡ್ಬೇಕು. ಡಿಸೆಂಬರ್ ಹನ್ನೆರಡಕ್ಕೆ ಮಕ್ಕಳ ಕಾರ್ಯಕ್ರಮ ಉಂಟು. ಇಲ್ಲಿ ಇದನ್ನು ಮುಟ್ಲಿಕ್ಕೆ ನೀವಲ್ಲದೆ ಬೇರೆ ಯಾರಿದ್ದಾರೆ?" ಎಂದಳು.

ಅದು ನಿಜ. ಗುಬ್ರಾದಿಂದ ಸೀಬ್‌ವರೆಗೆ ಭಜನೆ ನಡೆಯುವ ಯಾವ ಮನೆಯ ಹಾರ್ಮೋನಿಯಂ ಬಿಚ್ಚಿದರೂ ಒಳಗೆ ಪೆನ್ಸಿಲಿನಲ್ಲಿ 'ಶ್ರುತಿ: ಕೊರಗಪ್ಪ' ಎಂದು ನನ್ನ ಅಕ್ಷರ, ಕೆಳಗೆ ತಾರೀಕು. ಮಾರ್ಚಿಗೆ ನನಗೆ ಅರವತ್ತು ತುಂಬುತ್ತದೆ, ವೀಸಾ ಖಲಾಸ್. ಸುರತ್ಕಲ್‌ಗೆ ಹೋಗಿ ವಾದ್ಯ ರಿಪೇರಿ ಅಂಗಡಿ ಇಡುವುದೆಂದು ತೀರ್ಮಾನಿಸಿ ಆಗಿದೆ. ನನ್ನ ಬಂಡವಾಳ ಈ ಎರಡು ಕಿವಿಗಳು. ಆದರೆ ಏಂಜೆಲಾ ಹೋಗುವಾಗ ಬಾಗಿಲಲ್ಲಿ ಕುಸುಮಳ ಹತ್ತಿರ ಏನೋ ಹೇಳಿದಳು. ಏನೆಂದು ನನಗೆ ಕೇಳಿಸದ ಹಾಗೆ ಹೇಳಿದಳು.

ನವೆಂಬರ್ 8, ಶುಕ್ರವಾರ

ರಜೆ. ಇಡೀ ಬೆಳಗ್ಗೆ ತಂತಿಯ ಲೆಕ್ಕಾಚಾರ. ಏಂಜೆಲಾ ಕೊಟ್ಟ ಕಾಗದದಲ್ಲಿ ಎರಡು ಮೂರು ಬಗೆಯ ಶ್ರುತಿ ಬರೆದಿದೆ. ಅವಳ ಒಂದು ಹಾಡು C ಶ್ರುತಿಯದು, ಇನ್ನೊಂದು G. ಎರಡಕ್ಕೂ ಒಂದೇ ವಾದ್ಯ ಆಗಬೇಕು. ಯೋಚಿಸಿ ಯೋಚಿಸಿ ದಪ್ಪ ತಂತಿಯನ್ನು G ಗೇ ನಿಲ್ಲಿಸುವುದೆಂದು ಮಾಡಿದೆ. ಒಂದು ಹಾಡಿಗೆ ಅದು ಷಡ್ಜ, ಇನ್ನೊಂದಕ್ಕೆ ಅದೇ ಪಂಚಮ. ತಂತಿ ಕದಲುವುದೇ ಬೇಡ, ಹಾಡು ಬಂದು ಅದರ ಮೇಲೆ ಕೂರುತ್ತದೆ. ಇದನ್ನು ಕುಸುಮಳಿಗೆ ವಿವರಿಸಿದಾಗ ಮಾತ್ರ ಅವಳು ಸರಿಯಾಗಿ ಮುಖ ನೋಡಿ "ಲಾಯ್ಕುಂಟು" ಎಂದಳು. ಅವಳೂ ಹುಡುಗಿಯಾಗಿದ್ದಾಗಿನಿಂದ ಭಜನೆ ಹಾಡಿದವಳು, ಅಷ್ಟು ತಿಳಿಯುತ್ತದೆ.

ದಪ್ಪದ್ದಕ್ಕೆ ಸೆಲ್ಲೋ ತಂತಿ. ಹಾಡುವ ಎರಡಕ್ಕೆ ಕುರಿಯ ಕರುಳಿನ ತಂತಿ ಒಳ್ಳೆಯದಂತೆ, ದನಿ ಮೆತ್ತಗೆ. ಆದರೆ ಇಲ್ಲಿ ಹೊರಗೆ ಸಮುದ್ರದ ಹಸಿ, ಒಳಗೆ ಏಸಿಯ ಒಣ. ಕರುಳು ದಿನಕ್ಕೆ ನಾಲ್ಕು ಸಲ ಏರಿಳಿದೀತು. ಆದರೂ ಕರುಳನ್ನೇ ಆರಿಸಿದೆ. ಇನ್ನೊಂದು ತಂತಿ ವಿಚಿತ್ರದ್ದು. ಅದು ಕೂರುವುದು ಒಂದು ಸಣ್ಣ ಸಡಿಲ ಮರದ ತುಂಡಿನ ಮೇಲೆ. ಹಿಡಿಯನ್ನು ಜರ್ಕು ಕೊಟ್ಟು ತಿರುಗಿಸಿದರೆ ಆ ತುಂಡು ಹಲಗೆಗೆ ಬಡಿದು ಝರ್ರೆನ್ನಬೇಕು. ತಂಬೂರಿಗೆ ಜೀವಾಳದ ನೂಲು ಇಟ್ಟ ಹಾಗೆ ಎಂದುಕೊಂಡೆ. ಆ ತುಂಡಿಗೆ ಅವರ ಕಡೆ 'ನಾಯಿ' ಎಂದು ಹೆಸರು. ಅದನ್ನು ಬಿಗಿ ಮಾಡಲು ಸಡಿಲ ಮಾಡಲು ಪಕ್ಕದಲ್ಲಿ ಪುಟ್ಟ ಬಿರಡೆ.

ತಂತಿ ತರುವುದು ಹಾಜಬ್ಬ. ಸೀಬ್ ಸೂಕ್‌ನಲ್ಲಿ ಅಂಗಡಿ, ಹದಿನೈದು ದಿನಕ್ಕೊಮ್ಮೆ ದುಬೈಗೆ ಹೋಗಿಬರುತ್ತಾನೆ. ಇಪ್ಪತ್ತು ವರ್ಷದ ಸ್ನೇಹ.

ನವೆಂಬರ್ 11, ಸೋಮವಾರ

ತಂತಿ ಹಾಕಿ ಆಯಿತು. ಚಕ್ರಕ್ಕೆ ರಾಳ ಹಚ್ಚಿದೆ. ಚಕ್ರ ಮುಟ್ಟುವ ಜಾಗದಲ್ಲಿ ತಂತಿಗೆ ಹತ್ತಿ ಸುತ್ತಬೇಕು. ಕುಸುಮ ದೀಪದ ಬತ್ತಿ ಹೊಸೆಯುವ ಹತ್ತಿಯ ಪ್ಯಾಕೆಟ್ ಕೇಳಿ ತೆಗೆದುಕೊಂಡೆ. ಎಳೆ ಉದ್ದ ಇರುವ ಒಳ್ಳೆಯ ಹತ್ತಿ.

ದಪ್ಪ ತಂತಿಗಳು ಎದೆಗೆ ತಾಗುವ ಹಾಗೆ ಗುಂಯ್ ಅಂದವು. ಆದರೆ ನಾಯಿ ಬೊಗಳಲಿಲ್ಲ. ಪುಟ್ಟ ಬಿರಡೆ ಬಿಗಿ ಮಾಡಿದೆ. ಇಲ್ಲ. ಇನ್ನೂ ಬಿಗಿ ಮಾಡಿದೆ. ಮಣಿಕಟ್ಟು ನೋಯುವವರೆಗೆ ಜರ್ಕು ಕೊಟ್ಟೆ. ಅಡುಗೆಮನೆಯಿಂದ ಕುಸುಮ ಎರಡೂ ಕೈ ಕಿವಿಯ ಹತ್ತಿರ ಹಿಡಿದು ಓಡಿಬಂದು "ಸಾಕು ಮಾರಾಯ್ರೇ!" ಎಂದಳು. ನಾನು ದುಡಿಯುವುದು ಅವಳಿಗೆ ಯಾವಾಗ ಹಿಡಿಸಿತ್ತು?

ಹಾಜಬ್ಬ ಕೊಟ್ಟ ತಂತಿ ಡೂಪ್ಲಿಕೇಟ್ ಆಗಿರಬೇಕು. ಕವರು ಮಾತ್ರ ಒರಿಜಿನಲ್.

ನವೆಂಬರ್ 13, ಬುಧವಾರ

ಪುಟ್ಟ ಬಿರಡೆ ಕಾಲು ಸುತ್ತು ಹಿಂದೆ ಹೋಗಿದೆ!

ತಂತಿ ಹವೆಗೆ ಏರಬಹುದು, ಇಳಿಯಬಹುದು. ಬಿರಡೆ ತಾನಾಗಿ ತಿರುಗುವುದಿಲ್ಲ. ಮತ್ತೆ ಬಿಗಿ ಮಾಡಿ ಬಿರಡೆಗೂ ಮರಕ್ಕೂ ಸೇರಿಸಿ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದಿದ್ದೇನೆ. ಹಾಡುವ ತಂತಿಗಳ ಬಿರಡೆಗಳಿಗೂ ಎಳೆದೆ. ಗೋದಾಮಿನಲ್ಲಿ ಕಳ್ಳರನ್ನು ಹಿಡಿದದ್ದು ಹೀಗೆಯೇ.

ನವೆಂಬರ್ 14, ಗುರುವಾರ

ಗೆರೆ ತಪ್ಪಿದೆ. ಮೂರೂ ಕಡೆ.

ನವೆಂಬರ್ 15, ಶುಕ್ರವಾರ

ಹಾಜಬ್ಬನನ್ನು ಊಟಕ್ಕೆ ಕರೆದೆ. ಊಟ ನೆಪ. ವಾದ್ಯ ಮುಂದಿಟ್ಟು, ಬಿರಡೆಯನ್ನು ನನ್ನ ಗೆರೆಗೆ ತಂದು ತಿರುಗಿಸಿ ತೋರಿಸಿದೆ. "ನೋಡು, ಬೊಗಳುದಿಲ್ಲ. ನಿನ್ನ ತಂತಿ ಡೂಪ್ಲಿಕೇಟ್" ಎಂದೆ.

ಅವನು ನನ್ನನ್ನು ನೋಡಿದ, ಕುಸುಮಳನ್ನು ನೋಡಿದ. "ಎಂತ ಕೊರಗಪ್ಪಣ್ಣ, ತಮಾಷೆ ಮಾಡ್ತೀರಾ? ಇದಕ್ಕಿಂತ ಜಾಸ್ತಿ ಎಂತ ಬೊಗಳ್ಬೇಕು? ವಲ್ಲಾಹಿ, ನನ್ನ ತಲೆ ಚಿಟ್ಟು ಹಿಡೀತು."

"ನನ್ನ ಎದುರಲ್ಲೇ ಸುಳ್ಳು ಹೇಳ್ತೀಯಾ?"

ಅವನ ಮುಖ ಸಣ್ಣಗಾಯಿತು. ಕುಸುಮ ಅವನ ತಟ್ಟೆಗೆ ಇನ್ನೊಂದು ಮೀನಿನ ತುಂಡು ಹಾಕಿ ಕಣ್ಣಿನಲ್ಲೇ ಏನೋ ಸನ್ನೆ ಮಾಡಿದಳು. ನಾನು ಕಂಡೆ. ಅವನು ತಲೆಯಾಡಿಸಿ ಸುಮ್ಮನೆ ಉಂಡ. ಇಬ್ಬರೂ ಸೇರಿದ್ದಾರೆ. ಯಾವುದರಲ್ಲಿ ಎಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಹೋದ ವರ್ಷ ನವರಾತ್ರಿ ಭಜನೆಯಲ್ಲಿ ತಬಲದ ಬೋಜನೂ ಹೀಗೆಯೇ ಮಾಡಿದ್ದ. ಹತ್ತು ಜನರ ಎದುರು "ಅಣ್ಣ, ಮೇಲಿನ ಸ್ವರ ಸ್ವಲ್ಪ ತಪ್ಪಿದ ಹಾಗೆ ಉಂಟು" ಎಂದ. ನನ್ನ ಹಾರ್ಮೋನಿಯಂಗೆ! ಅವನ ಹತ್ತಿರ ಅವತ್ತಿಗೇ ಮಾತು ಬಿಟ್ಟೆ.

ನವೆಂಬರ್ 20, ಬುಧವಾರ

ರಾಷ್ಟ್ರೀಯ ದಿನದ ರಜೆ. ಏಂಜೆಲಾ ನೋಡಲು ಬಂದಳು. ನಾನು ಬೆಳಗ್ಗೆ ಸ್ನಾನಕ್ಕೆ ಹೋಗುವ ಮೊದಲು ಬಿಗಿ ಮಾಡಿಟ್ಟಿದ್ದೆ. ಅವಳು ಬರುವ ಹೊತ್ತಿಗೆ ಗೆರೆ ಮತ್ತೆ ತಪ್ಪಿತ್ತು. ಅವಳ ಎದುರು ಮರ್ಯಾದೆ ಹೋಗುವುದು ಬೇಡವೆಂದು ಸುಮ್ಮನಿದ್ದೆ.

ಅವಳು ನುಡಿಸಿದಳು. ದಪ್ಪ ತಂತಿ ಚೆನ್ನಾಗಿ ಕೇಳಿತು. ನಾಯಿ ಪೂರ್ತಿ ಮೌನ. ಅವಳು ಮಾತ್ರ ಕುಣಿದುಬಿಟ್ಟಳು. "ಅಂಕಲ್! ಎಷ್ಟು ಹದವಾಗಿ ಝರ್ ಅಂತದೆ! ಬೇಕಾದಾಗ ಮಾತ್ರ ಬರ್ತದೆ, ಬೇಡದಾಗ ಇಲ್ಲ. ಹೇಗೆ ಮಾಡಿದ್ರಿ?"

ಇಷ್ಟು ಹೊಗಳುವವರನ್ನು ನಾನು ನಂಬುವುದಿಲ್ಲ. ಗೋದಾಮಿಗೆ ಮಾಲು ತರುವ ಸೇಲ್ಸಿನವರು ಹೀಗೆ ಹೊಗಳಿಯೇ ಒಡೆದ ಪೆಟ್ಟಿಗೆ ದಾಟಿಸುವುದು. ಹನ್ನೆರಡನೇ ತಾರೀಕು ವೇದಿಕೆಯ ಮೇಲೆ ವಾದ್ಯ ಮೂಕವಾಗಿ ನಿಂತರೆ ಎಲ್ಲರೂ ಕೇಳುವುದು ಯಾರು ಶ್ರುತಿ ಮಾಡಿದ್ದೆಂದು. ಆಗ ಇವಳು ಎತ್ತ ಕಡೆಯೋ ನೋಡುತ್ತಾಳೆ.

ಮಧ್ಯಾಹ್ನ ಕುಕ್ಕರಿನ ಬೇಳೆ ತಳ ಹಿಡಿಯಿತು. ಕುಸುಮ ಟೆರೇಸಿನಲ್ಲಿ ಬಟ್ಟೆ ಹಾಕುತ್ತಿದ್ದಳು, ಮೂರು ವಿಸಿಲಿಗೆ ಆಫ್ ಮಾಡಿ ಎಂದು ನನಗೆ ಹೇಳಿದ್ದಳು. ಒಂದೂ ವಿಸಿಲು ಬರಲಿಲ್ಲ. ಗ್ಯಾಸ್ಕೆಟ್ ಹಾಳಾಗಿದೆ ಎಂದೆ. ಭವ್ಯ ಕೋಣೆಯಿಂದ ಬಂದು "ಪಪ್ಪಾ, ಇಟ್ ವಿಸಲ್ಡ್ ಲೈಕ್ ಟೆನ್ ಟೈಮ್ಸ್" ಎಂದಳು. ಹಾಗಿದ್ದರೆ ಅವಳೇ ಯಾಕೆ ಆಫ್ ಮಾಡಲಿಲ್ಲ? ಪರೀಕ್ಷೆಗೆ ಓದುವವಳಿಗೆ ಕೈ ಇಲ್ಲವೇ?

ನವೆಂಬರ್ 24, ಭಾನುವಾರ

ಗೋದಾಮಿನ ಫೋರ್ಕ್‌ಲಿಫ್ಟ್ ಹಿಂದಕ್ಕೆ ಬರುವಾಗ ಕೀಂ ಕೀಂ ಎನ್ನಬೇಕು. ಎನ್ನುತ್ತಿಲ್ಲ. ಇವತ್ತು ನನ್ನ ಬೆನ್ನಿಗೆ ಒಂದು ಮೊಳದಷ್ಟು ಹತ್ತಿರ ಬಂದು ನಿಂತಿತು. ಸೇಫ್ಟಿಯವರಿಗೆ ಅಲಾರಂ ಹಾಳಾಗಿದೆಯೆಂದು ಬರೆದು ಕೊಟ್ಟೆ. ಸೇಫ್ಟಿಯವನು ಬಂದು ಗಾಡಿ ಹಿಂದಕ್ಕೆ ಓಡಿಸಿ ನೋಡಿ, ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಠೀಕ್ ಹೈ ಚಾಚಾ, ಆಪ್ ಆರಾಮ್ ಕರೋ" ಎಂದ. ರಿಪೇರಿ ಮಾಡಲಿಲ್ಲ. ಕಾಗದ ಹರಿದು ಎಸೆದಿರಬೇಕು.

ನವೆಂಬರ್ 26, ಮಂಗಳವಾರ

ಸಿಕ್ಕಿತು ಸಾಕ್ಷಿ!

ಹಾಡುವ ಎಡದ ತಂತಿಯ ಹತ್ತಿ ನಾನು ಸುತ್ತಿದ್ದಲ್ಲ. ನಾನು ಚಪ್ಪಟೆಯಾಗಿ ಸುತ್ತಿ ತುದಿ ಒಳಗೆ ಸೇರಿಸುವವನು. ಇದರ ತುದಿ ತೆಳ್ಳಗೆ ಹುರಿಯಾಗಿದೆ. ಹತ್ತಿಯ ಮೇಲೆ ಬಿಳಿ ಪುಡಿ. ರಾಳ ಎಂದುಕೊಂಡು ಮೂಸಿ ನೋಡಿದೆ. ರಾಳ ಅಲ್ಲ, ವಿಭೂತಿ. ಬೆರಳು ಜಾರಬಾರದೆಂದು ವಿಭೂತಿ ಮುಟ್ಟಿಕೊಂಡು ಹತ್ತಿ ಹೊಸೆಯುವವರು ಈ ಮನೆಯಲ್ಲಿ ಒಬ್ಬಳೇ. ದೇವರ ಮುಂದೆ ನಿತ್ಯ ಉರಿಯುವ ಬತ್ತಿಯ ತುದಿಯೂ ಹೀಗೆಯೇ ಇರುತ್ತದೆ.

ಕುಸುಮ! ಇಪ್ಪತ್ತೈದು ವರ್ಷ ನನ್ನ ಪಕ್ಕದಲ್ಲಿ ಕೂತು ಸ್ಕ್ರೂಡ್ರೈವರ್ ಎತ್ತಿ ಕೊಟ್ಟವಳು. ನನ್ನ ಕೆಲಸ ಕೆಡಿಸಿ ಅವಳಿಗೆ ಏನು ಸಿಗಬೇಕು? ನಾನು ಊರಿಗೆ ಹೋಗಿ ಅಂಗಡಿ ಇಡುವುದು ಅವಳಿಗೆ ಬೇಡವೇ? ನಾಳೆ ಅರ್ಧ ದಿನ ರಜೆ ಹಾಕಿದ್ದೇನೆ. ಮನೆಯಲ್ಲಿ ಹೇಳಿಲ್ಲ.

ನವೆಂಬರ್ 27, ಬುಧವಾರ

ಹತ್ತೂವರೆಗೆ ಬಂದೆ. ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ ಎದುರು ಫ್ಲ್ಯಾಟಿನ ಆಲ್ಬಿನಾಬಾಯಿ ಬಾಗಿಲಲ್ಲಿ ನಿಂತಿದ್ದರು. "ಎಂತ ಕೊರಗಪ್ಪಣ್ಣ, ಮನೆಯಲ್ಲಿ ಜೀರುಂಡೆ ಸಾಕಿದ್ದೀರಾ? ಬಾಗಿಲು ಹಾಕಿದ್ರೂ ಇಲ್ಲಿವರೆಗೆ ಕೇಳ್ತದೆ" ಎಂದು ನಕ್ಕರು.

ನಾನು ನಿಂತು ಕಿವಿಗೊಟ್ಟೆ. ಕಾರಿಡಾರಿನಲ್ಲಿ ಏನೂ ಇರಲಿಲ್ಲ.

ಕೀ ಹಾಕಿ ಮೆಲ್ಲಗೆ ಬಾಗಿಲು ತೆರೆದೆ. ಕುಸುಮ ನೆಲದ ಮೇಲೆ ನನಗೆ ಬೆನ್ನು ಹಾಕಿ ಕೂತಿದ್ದಳು. ಮಡಿಲಲ್ಲಿ ಹರ್ಡಿ-ಗರ್ಡಿ. ತಲೆ ಬಗ್ಗಿಸಿ ಹಿಡಿ ತಿರುಗಿಸುತ್ತಿದ್ದಳು, ಮಣಿಕಟ್ಟು ಜರ್ಕು ಕೊಡುತ್ತಿತ್ತು. ಒಮ್ಮೆ ನಿಲ್ಲಿಸಿ ಪುಟ್ಟ ಬಿರಡೆಯನ್ನು ಕೂದಲೆಳೆಯಷ್ಟು ಹಿಂದೆ ತಂದಳು. ಮತ್ತೆ ಜರ್ಕು ಕೊಟ್ಟಳು. ತಾನೇ ತಾನು ತಲೆದೂಗಿದಳು. ಬಾಗಿಲು ತೆರೆದೇ ಇತ್ತು, ನಾನು ಆರು ಹೆಜ್ಜೆ ದೂರದಲ್ಲಿದ್ದೆ. ನನಗೆ ಕೇಳಿದ್ದು ದಪ್ಪ ತಂತಿಯ ಗುಂಯ್ ಮಾತ್ರ.

ಹಿಡಿಯುವುದಕ್ಕೆಂದೇ ಬಂದವನು ಬಾಗಿಲು ಎಳೆದುಕೊಂಡು ಕೆಳಗೆ ಹೋಗಿ ಕಾರಿನಲ್ಲಿ ಕೂತೆ. ಯಾಕೆಂದು ಗೊತ್ತಿಲ್ಲ. ಇಂಡಿಕೇಟರ್ ಹಾಕಿದೆ. ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಾಣ ಮಿನುಗಿತು. ಟಿಕ್ ಟಿಕ್ ಎನ್ನಬೇಕಲ್ಲ, ಎನ್ನಲಿಲ್ಲ. ಎಡಕ್ಕೆ ಹಾಕಿದೆ, ಬಲಕ್ಕೆ ಹಾಕಿದೆ. ಅದು ಎಷ್ಟು ದಿನದಿಂದ ಕೇಳುತ್ತಿಲ್ಲ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ನವೆಂಬರ್ 28, ಗುರುವಾರ

ಇವತ್ತು ಬರೆಯುವುದಿಲ್ಲ.

ನವೆಂಬರ್ 29, ಶುಕ್ರವಾರ

ಕೇಳಿಯೇಬಿಟ್ಟೆ. ಚಾ ಲೋಟ ಕುಕ್ಕಿ, "ಎಷ್ಟು ಸಮಯದಿಂದ?" ಎಂದೆ.

ಅವಳು ಯಾವುದು ಎಂದು ಕೇಳಲಿಲ್ಲ. "ಹೋದ ವರ್ಷದ ಮಾರ್ನೆಮಿಯಿಂದ" ಎಂದಳು.

ಅಂದರೆ ನವರಾತ್ರಿ ಭಜನೆಯಿಂದ. ಅಂದಿನಿಂದ ಈ ಮನೆಗೆ ಬಂದ ಹಾರ್ಮೋನಿಯಂಗಳೆಷ್ಟು! ಒಂದೊಂದನ್ನೂ ನಾನು ಆಫೀಸಿಗೆ ಹೋದ ಮೇಲೆ ಬಿಚ್ಚಿ, ನನ್ನ ಅರವನ್ನೇ ಹಿಡಿದು ಹಿತ್ತಾಳೆಯ ಸ್ವರಪಟ್ಟಿ ಉಜ್ಜಿ, ಮತ್ತೆ ಮುಚ್ಚಿಟ್ಟಿದ್ದಾಳೆ. ನನ್ನನ್ನು ಮಂಗ ಮಾಡಿದೆ, ಊರಿಗೆಲ್ಲ ನಾನು ನಗೆಪಾಟಲು ಎಂದು ಬಾಯಿಗೆ ಬಂದ ಹಾಗೆ ಬೈದೆ.

"ಯಾರಿಗೆ ಹೇಳಿದ್ದೇನೆ ನಾನು? ಒಂದು ನರಪಿಳ್ಳೆಗೆ ಗೊತ್ತುಂಟಾ? ಹಾಜಬ್ಬನಿಗೂ ಅವತ್ತು ನಿಮ್ಮೆದುರೇ ಗೊತ್ತಾದದ್ದು. ಪಾಪ, ಅವರು ಡೂಪ್ಲಿಕೇಟ್ ಅಂತ ಹೇಳಿಸಿಕೊಂಡೂ ಸುಮ್ಮನಿದ್ರು" ಎಂದಳು. "ಮತ್ತೆ ಎಲ್ಲ ನಾನೇ ಮಾಡಿದ್ದಲ್ಲ. ಕೆಳಗಿನ ಸ್ವರ ಪೂರ್ತಿ ನಿಮ್ಮದೇ. ಒಂದು ಕೂದಲೂ ತಪ್ಪುದಿಲ್ಲ. ಮೇಲಿನದ್ದು ಮಾತ್ರ ನಾನು."

"ನನಗೇ ಹೇಳ್ಬಹುದಿತ್ತಲ್ಲ!"

"ಬೋಜ ಹೇಳಿದ್ದಕ್ಕೆ ಅವನ ಹತ್ತಿರ ಮಾತು ಬಿಟ್ರಿ. ನಾನು ಹೇಳಿದ್ರೆ ನನ್ನ ಹತ್ತಿರವೂ ಬಿಡ್ತಿದ್ರಿ. ಮತ್ತೆ ಈ ಫ್ಲ್ಯಾಟಲ್ಲಿ ಇಡೀ ದಿನ ನಾನು ಯಾರ ಹತ್ತಿರ ಮಾತಾಡುದು?"

ಆಗ ಭವ್ಯ ಕೋಣೆಯಿಂದ ಬಂದು ನನ್ನ ಎದುರೇ ಕೂತು, ನನ್ನ ಮುಖ ನೋಡುತ್ತ ನಿಧಾನವಾಗಿ ಹೇಳಿದಳು. "ಪಪ್ಪಾ, ನಾವು ಗುಸುಗುಸು ಮಾಡುದಲ್ಲ. ಯಾವಾಗಿನ ಹಾಗೇ ಮಾತಾಡುದು." ಅವಳ ಬಾಯಲ್ಲಿ ಇಷ್ಟು ಉದ್ದದ ಕನ್ನಡ ಕೇಳಿ ಬಹಳ ದಿನವಾಗಿತ್ತು. ಕಿವಿಯ ಡಾಕ್ಟರಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದು ಹೇಗೆ, ನನಗೆ ಹೇಳುವುದು ಹೇಗೆ ಎಂದು ತಿಂಗಳಿನಿಂದ ತಾಯಿ ಮಗಳು ಯೋಚಿಸುತ್ತಿದ್ದರಂತೆ. ಏಂಜೆಲಾಗೂ ಅವರು ಹೇಳಿಲ್ಲವಂತೆ. ಅವಳು ಬಾಗಿಲಲ್ಲಿ ಕೇಳಿದ್ದು ಕುಸುಮಳ ಕುಂಬಳಕಾಯಿ ಗಾರಿಗೆ ಹೇಗೆ ಮಾಡುವುದೆಂದಂತೆ. ಇದನ್ನು ಮಾತ್ರ ನಾನು ಪೂರ್ತಿ ನಂಬಿಲ್ಲ.

ಡಿಸೆಂಬರ್ 4, ಬುಧವಾರ

ಕ್ಲಿನಿಕ್. ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಗುಂಡಿ ಒತ್ತಿ ಎಂದರು. ಮೊದಲು ಕೇಳಿತು, ಒತ್ತಿದೆ. ಆಮೇಲೆ ತುಂಬಾ ಹೊತ್ತು ಏನೂ ಬರಲಿಲ್ಲ. ಮಿಷನ್ ಕೈಕೊಟ್ಟಿರಬೇಕು ಎಂದು ಹೊರಗಿದ್ದ ಹುಡುಗಿಗೆ ಕೈಸನ್ನೆ ಮಾಡಿದೆ. ಅವಳು ಒತ್ತುತ್ತಲೇ ಇದ್ದಳು, ಕಂಪ್ಯೂಟರನ್ನೇ ನೋಡುತ್ತಿದ್ದಳು. ಅವಳ ಹಿಂದೆ ನಿಂತಿದ್ದ ಕುಸುಮಳ ಮುಖ ನೋಡಿದ ಮೇಲೆ ನಾನು ಕೈ ಇಳಿಸಿದೆ.

ಕಾಗದದಲ್ಲಿ ಒಂದು ಗೆರೆ ಬಂತು. ಎಡದಲ್ಲಿ, ಕೆಳಗಿನ ಸ್ವರದ ಕಡೆ ಸರಿ ಇದೆ, ಬಲಕ್ಕೆ, ಮೇಲಿನ ಸ್ವರದ ಕಡೆ ಹೋದ ಹಾಗೆ ಕೆಳಕ್ಕೆ ಜಾರುತ್ತದೆ. ಹಳೇ ಸೈಟಿನಲ್ಲಿ ಹದಿನಾಲ್ಕು ವರ್ಷ ಜನರೇಟರ್ ಪಕ್ಕ ಕೂತಿದ್ದೆ ಎಂದೆ. ಅದೂ ಇರಬಹುದು, ವಯಸ್ಸೂ ಇರಬಹುದು ಎಂದರು ಡಾಕ್ಟರು. ಹೋದದ್ದು ವಾಪಸು ಬರುವುದಿಲ್ಲ. ಕಿವಿಗೆ ಮಿಷನ್ ಹಾಕಿದರೆ ಮಾತು ಸ್ಪಷ್ಟವಾದೀತು. ಶ್ರುತಿ ಮಾಡಬಹುದಾ ಎಂದು ಕೇಳಿದೆ. ಅವರು ಉತ್ತರ ಹೇಳಲು ತೆಗೆದುಕೊಂಡ ಹೊತ್ತಿನಲ್ಲೇ ನನಗೆ ಉತ್ತರ ಸಿಕ್ಕಿತು. ಮಿಷನ್ ಬರಲು ಮೂರು ವಾರ. ಕಾರ್ಯಕ್ರಮ ಮುಂದಿನ ವಾರ.

ದಾರಿಯಲ್ಲಿ ಕಾರು ನಿಲ್ಲಿಸಿ ಅತ್ತೆ. ಅಂಗಡಿಯ ಬೋರ್ಡು ಹೇಗಿರಬೇಕೆಂದು ಕೂಡ ಬರೆದಿಟ್ಟಿದ್ದೆನಲ್ಲ. ಕುಸುಮ ಏನಾದರೂ ಹೇಳಿದ್ದರೂ ನನಗೆ ಕೇಳಿಸಲಿಲ್ಲ.

ಡಿಸೆಂಬರ್ 6, ಶುಕ್ರವಾರ

ಹಾಜಬ್ಬನ ಅಂಗಡಿಗೆ ಹೋಗಿ ತಪ್ಪಾಯಿತು ಎಂದೆ. "ಖಲಾಸ್ ಮಾರಾಯ್ರೇ" ಎಂದು ಬೆನ್ನಿಗೆ ಹೊಡೆದ. ತುಸು ಜೋರಾಗಿಯೇ ಹೊಡೆದ. ಬೋಜನ ನಂಬರ್ ಇನ್ನೂ ಫೋನಿನಲ್ಲಿದೆ. ನೋಡೋಣ.

ಡಿಸೆಂಬರ್ 10, ಮಂಗಳವಾರ

ಕೊನೆಯ ಸಲ ಶ್ರುತಿ ಮಾಡಿದೆವು. ಸಂಜೆ ಏಂಜೆಲಾ ಒಯ್ಯುವವಳಿದ್ದಳು.

ದಪ್ಪ ತಂತಿ ನಾನು ಮಾಡಿದೆ. ಆಮೇಲೆ ಮೇಲಿನದ್ದು. ಬಿರಡೆ ನನ್ನ ಕೈಯಲ್ಲಿ, ಹಿಡಿ ಅವಳ ಕೈಯಲ್ಲಿ. ಅವಳು ಹೆಬ್ಬೆರಳು ಎತ್ತಿದರೆ ಬಿಗಿ, ಇಳಿಸಿದರೆ ಸಡಿಲ. ಎರಡು ಸಲ ಜಗಳವಾಯಿತು. ಅವಳಿಗೆ ತಾಳ್ಮೆ ಕಡಿಮೆ, "ಅಯ್ಯೋ, ಅಷ್ಟು ಅಲ್ಲ!" ಎಂದು ಕೂಗುತ್ತಾಳೆ. ಅಷ್ಟು ಕೂಗಬೇಡ, ಆಲ್ಬಿನಾಬಾಯಿಗೆ ಕೇಳುತ್ತದೆ ಎಂದೆ. ಹತ್ತಿ ಸುತ್ತುವ ಕೆಲಸ ಪೂರ್ತಿ ಅವಳಿಗೇ ಬಿಟ್ಟೆ. ಅವಳ ಸುತ್ತು ನನ್ನದಕ್ಕಿಂತ ಒಳ್ಳೆಯದು, ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ.

ನಾಯಿಯ ಸರದಿ ಬಂದಾಗ ಅವಳು ನನ್ನ ಅಂಗೈ ಹಿಡಿದು ಹಲಗೆಯ ಮೇಲೆ ಇಟ್ಟಳು. ಹಿಡಿಗೆ ಜರ್ಕು ಕೊಟ್ಟಳು. ಕೈಯ ಅಡಿಯಲ್ಲಿ ಸಣ್ಣಗೆ ಜುಮ್ಮೆಂದಿತು. ಇನ್ನೊಮ್ಮೆ ಕೊಟ್ಟಳು, ಇನ್ನೊಮ್ಮೆ ಜುಮ್ಮೆಂದಿತು. ತಿಂಗಳು ಪೂರ್ತಿ ಅದು ಬೊಗಳುತ್ತಲೇ ಇತ್ತು.

ಮುಚ್ಚಳ ಹಾಕುವ ಮೊದಲು ಒಳಗೆ ಹೆಸರು ಬರೆಯಬೇಕಲ್ಲ. ಪೆನ್ಸಿಲ್ ಚೂಪು ಮಾಡಿಕೊಂಡೆ. 'ತಂತಿ: ಕೊರಗಪ್ಪ' ಎಂದು ಬರೆದೆ. ಅದರ ಕೆಳಗೆ 'ಶ್ರುತಿ: ಕುಸುಮ' ಎಂದು ಬರೆದು ತಾರೀಕು ಹಾಕಿದೆ. ಅವಳು ಬಗ್ಗಿ ಓದಿದಳು. ಎದ್ದು ಅಡುಗೆಮನೆಗೆ ಹೋದಳು.

ಅಲ್ಲಿ ನಕ್ಕಳೋ ಅತ್ತಳೋ ನನಗೆ ಕೇಳಿಸಲಿಲ್ಲ. ಎದ್ದು ಹೋಗಿ ನೋಡಿದೆ. ಎರಡೂ ಒಟ್ಟಿಗೇ ನಡೆದಿತ್ತು.